ಬಸ್ ನಿಲ್ಲುವ ಹೋಟೆಲ್ಲಿಗೆ ನಾಲ್ಕೂವರೆ ಸ್ಟಾರ್

ನೈಟ್ ಬಸ್ಸಲ್ಲಿ ಊರಿಗೆ ಹೋಗಿ ಅಭ್ಯಾಸ ಇರೋರಿಗೆಲ್ಲ ಆ ಹೋಟೆಲ್ ಗೊತ್ತು. ರಾತ್ರಿ ಹತ್ತೂವರೆಗೆ ಹೈವೇ ಪಕ್ಕ ಬಸ್ ನಿಲ್ಲುತ್ತೆ. "ಊಟಕ್ಕೆ ಇಪ್ಪತ್ತು ನಿಮಿಷ" ಅಂತ ಕಂಡಕ್ಟರ್ ಕೂಗ್ತಾನೆ. ಒದ್ದೆ ಟೇಬಲ್ಲು, ತಣ್ಣಗಾದ ಚಪಾತಿ, ನೀರು ನೀರು ಸಾಗು, ರೇಟು ಮಾತ್ರ ಬೆಂಗಳೂರಿನದ್ದು. ನಾವು ಬೈಕೊಂಡೇ ತಿಂದು, ಬಸ್ ಹತ್ತಿ, ಮಲಗಿ, ಮರೆತುಬಿಡ್ತೀವಿ. ನಮ್ಮ ಬೈಗುಳದಿಂದ ಮಾಲೀಕನ ಒಂದು ಕೂದಲೂ ಕೊಂಕಲ್ಲ. ನಾಳೆ ರಾತ್ರಿ ಇನ್ನೊಂದು ಬಸ್ ಬರುತ್ತೆ, ಬೇರೆ ನಲವತ್ತು ಜನ ಇಳೀತಾರೆ.

ಹೋದ ವರ್ಷ ಮಾರ್ಚಿನಲ್ಲಿ ನಾನೂ ನನ್ನ ಹೆಂಡತಿಯೂ ಇದೇ ಹೋಟೆಲಲ್ಲಿ ಊಟ ಮಾಡಿದ್ವಿ. ಆದ್ರೆ ಅದು ಇದ್ದದ್ದು ರೋಮ್‌ನಲ್ಲಿ, ಟೈಬರ್ ನದಿಯ ಆಚೆ ದಡದ ತ್ರಾಸ್ತೇವೆರೆ ಅನ್ನೋ ಹಳೇ ಬಡಾವಣೆಯಲ್ಲಿ. ಕಲ್ಲು ಹಾಸಿದ ಓಣಿ, ಗೋಡೆ ಮೇಲೆ ಹಬ್ಬಿದ ಬಳ್ಳಿ, ಟ್ಯೂಬ್‌ಲೈಟ್ ಬದಲು ಮೇಣದಬತ್ತಿ. ಬಾಗಿಲಲ್ಲಿ ನಿಂತಿದ್ದವನು ನಮ್ಮ ಮುಖ ನೋಡಿ "ನಮಸ್ತೆ" ಅಂದ. ಅಲ್ಲೇ ಎಚ್ಚೆತ್ಕೋಬೇಕಿತ್ತು. ಆದ್ರೆ ನನ್ನ ಫೋನಿನಲ್ಲಿ ಆ ಜಾಗಕ್ಕೆ ನಾಲ್ಕೂವರೆ ಸ್ಟಾರ್ ಇತ್ತು, ಎರಡು ಸಾವಿರಕ್ಕೂ ಮೀರಿ ರಿವ್ಯೂ ಇತ್ತು. ಒಳಗೆ ಹೋದ್ವಿ.

ರೋಮ್‌ನ ಕಾರ್ಬೊನಾರಕ್ಕೆ ಬೇಕಾಗಿರೋದು ಮೊಟ್ಟೆ, ಪೆಕೊರಿನೋ ಚೀಸ್, ಹಂದಿಯ ಕೆನ್ನೆಯ ಮಾಂಸ ಮತ್ತು ಕಾಳುಮೆಣಸು. ನನ್ನ ತಟ್ಟೆಗೆ ಬಂದದ್ದು ಕ್ರೀಮಿನಲ್ಲಿ ಈಜಾಡ್ತಿದ್ದ ಸ್ಪಗೆಟ್ಟಿ. ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ, ಅಂದ್ರೆ ಬರೀ ಟೇಬಲ್ಲಿಗೆ ಕೂತದ್ದಕ್ಕೆ, ತಲೆಗೆ 3 ಯೂರೋ. ರೋಮ್ ಇರೋ ಲಾತ್ಸಿಯೊ ಪ್ರಾಂತ್ಯದಲ್ಲಿ ಆ ಚಾರ್ಜ್ ಹಾಕೋ ಹಾಗಿಲ್ಲ ಅಂತ 2006ರಲ್ಲೇ ಕಾನೂನು ಮಾಡಿದ್ರು ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ.

ಈಗ ನನ್ನ ತಕರಾರಿಗೆ ಬರ್ತೀನಿ. ತಕರಾರು ಆ ಹೋಟೆಲಿನವನ ಮೇಲಲ್ಲ. ಅವನು ಬಸ್ ನಿಲ್ಲೋ ಕಡೆ ಅಂಗಡಿ ಇಟ್ಟಿದಾನೆ, ಅಷ್ಟೆ. ತಕರಾರು ನಮ್ಮ ಮೇಲೆ, ಅಂದ್ರೆ ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯೋ, ಬರೆಸೋ ನಮ್ಮಂಥವರ ಮೇಲೆ.

ಯೋಚನೆ ಮಾಡಿ. ಒಂದು ಆ್ಯಪ್ ಚೆನ್ನಾಗಿದೆಯಾ ಇಲ್ಲವಾ ಅಂತ ಆಫೀಸಲ್ಲಿ ನಾವು ಹೇಗೆ ನೋಡ್ತೀವಿ? ರೇಟಿಂಗ್ ಒಂದನ್ನೇ ನೋಡಿದ್ರೆ ಮ್ಯಾನೇಜರ್ ನಗ್ತಾರೆ. ನಾವು ನೋಡೋದು ರಿಟೆನ್ಶನ್. ಮೊದಲ ದಿನ ಬಂದವರಲ್ಲಿ ಏಳನೇ ದಿನ ಎಷ್ಟು ಜನ ವಾಪಸ್ ಬಂದ್ರು, ಮೂವತ್ತನೇ ದಿನ ಎಷ್ಟು ಜನ ಉಳಿದ್ರು. ಇಷ್ಟು ಗೊತ್ತಿರೋ ನಾವು ಊಟದ ವಿಷಯ ಬಂದ ತಕ್ಷಣ ಬುದ್ಧೀನ ಲ್ಯಾಪ್‌ಟಾಪ್ ಜೊತೆ ಬ್ಯಾಗಲ್ಲಿ ಮಡಚಿಟ್ಟುಬಿಡ್ತೀವಿ.

ಪ್ರವಾಸಿ ಬಡಾವಣೆಯ ಸ್ಟಾರುಗಳು ಹುಟ್ಟೋದು ಹೇಗೆ? ಜೀವನದಲ್ಲಿ ಒಂದೇ ಸಲ ಬಂದವನು ಒಂದು ಓಟು ಹಾಕ್ತಾನೆ. ಹದಿನೈದು ವರ್ಷದಿಂದ ವಾರಕ್ಕೆ ಮೂರು ಸಲ ತಿಂದವನಿಗೂ ಒಂದೇ ಓಟು, ಅದನ್ನೂ ಅವನು ಹಾಕಲ್ಲ. ನೀವು ನಿಮ್ಮ ಏರಿಯಾದ ಇಡ್ಲಿ ಹೋಟೆಲಿಗೆ ಯಾವತ್ತಾದ್ರೂ ರಿವ್ಯೂ ಬರೆದಿದೀರಾ? ಇನ್ನು ಓಟು ಹಾಕಿದವನಿಗೆ ಹೋಲಿಸಿ ನೋಡೋಕೆ ಬೇರೆ ಕಾರ್ಬೊನಾರವೇ ಗೊತ್ತಿಲ್ಲ. ಅವನು ಸ್ಟಾರ್ ಕೊಟ್ಟದ್ದು ಬಳ್ಳಿಗೆ, ಮೇಣದಬತ್ತಿಗೆ, ರಜಾ ಸಿಕ್ಕ ಖುಷಿಗೆ.

ಸರಿ, ಸ್ಟಾರ್ ಬೇಡ, 'ಲೋಕಲ್ ಜನ ತಿನ್ನೋ ಕಡೆ ತಿನ್ನಿ' ಅಂತ ಇನ್ನೊಂದು ಪಂಗಡ ಹೇಳುತ್ತೆ. ಕೇಳೋಕೆ ಚೆನ್ನಾಗಿದೆ. ಆದ್ರೆ ನಾವು ಉಳ್ಕೊಂಡಿದ್ದು ಎಲ್ಲಿ? ಹೋಟೆಲ್ ದುಬಾರಿ ಅಂತ, 'ಲೋಕಲ್ ಅನುಭವ' ಬೇಕು ಅಂತ, ದಿನದ ಬಾಡಿಗೆಗೆ ಕೊಡೋ ಮನೆಯಲ್ಲಿ. ಆ ಕಟ್ಟಡದಲ್ಲಿ ಎಂಟು ಮನೆ. ಐದರ ಪಾಲಿಗೆ ಕೆಳಗಿನ ಬಾಗಿಲ ಪಕ್ಕ ನಂಬರ್ ಒತ್ತಿ ತೆಗೆಯೋ ಕೀ ಡಬ್ಬಿ ನೇತಾಡ್ತಿತ್ತು. ಅಂದ್ರೆ ಐದು ಸಂಸಾರ ಇರಬೇಕಾದ ಕಡೆ ಐದು ಜೊತೆ ಸೂಟ್‌ಕೇಸು. ಅವರ ಮನೇಲಿ ನಾವು ಮಲಗೋದು, ಬೆಳಗ್ಗೆ ಎದ್ದು 'ಅವರೆಲ್ಲಿ ಊಟ ಮಾಡ್ತಾರೆ' ಅಂತ ಹುಡುಕೋದು. ಇದಕ್ಕಿಂತ ದೊಡ್ಡ ತಮಾಷೆ ಇದೆಯಾ?

ಒಳ್ಳೇ ಅಡುಗೆ ಹುಟ್ಟೋದೇ ಮತ್ತೆ ಮತ್ತೆ ಬರೋ ಗಿರಾಕಿಯಿಂದ. ತ್ರಾಸ್ತೇವೆರೆಯಿಂದ ಸುಬ್ಲಿಚಿಯೊ ಸೇತುವೆ ದಾಟಿದ್ರೆ ತೆಸ್ತಾಚೊ ಅನ್ನೋ ಬಡಾವಣೆ. ಅಲ್ಲಿ 1975ರವರೆಗೆ ನಗರದ ಕಸಾಯಿಖಾನೆ ಇತ್ತು. ಒಳ್ಳೇ ಮಾಂಸದ ನಾಲ್ಕು ಕಾಲುಭಾಗ ದುಡ್ಡಿದ್ದವರ ಮನೆಗೆ ಹೋದ ಮೇಲೆ ಬಾಲ, ಕರುಳು, ಬೋಟಿ ಉಳೀತಿತ್ತು. ಅದಕ್ಕೆ 'ಐದನೇ ಕಾಲುಭಾಗ' ಅಂತಲೇ ಹೆಸರು. ಕೂಲಿಯವರ ಪಾಲಿಗೆ ಬಂದ ಆ ಮಾಲನ್ನ ಸುತ್ತಲಿನ ಸಣ್ಣ ಹೋಟೆಲುಗಳು ಗಂಟೆಗಟ್ಟಲೆ ಬೇಯಿಸಿ, ಇವತ್ತು ರೋಮ್ ಹೆಮ್ಮೆಯಿಂದ ಹೇಳಿಕೊಳ್ಳೋ ಅಡುಗೆಗಳನ್ನ ಮಾಡಿದ್ವು. ದಿನಾ ಬರೋ ಕೂಲಿಯವನಿಗೆ ಇವತ್ತು ಕೆಟ್ಟದ್ದು ಬಡಿಸಿದ್ರೆ ನಾಳೆ ಅವನು ಪಕ್ಕದ ಬಾಗಿಲಿಗೆ ಹೋಗ್ತಾನೆ. ನಮ್ಮೂರಿನ ಹೋಟೆಲಲ್ಲಿ ಸಾಲದ ಪುಸ್ತಕ ಇಟ್ಟಿದ್ದ ಭಟ್ಟರಿಗೂ ಇದೇ ಭಯ ಇತ್ತು. ಸಾಂಬಾರ್ ಚೆನ್ನಾಗಿರ್ತಿದ್ದದ್ದು ಆ ಭಯದಿಂದಲೇ.

ಹಾಗಾದ್ರೆ ಹುಡುಕೋದು ಹೇಗೆ? ಎರಡನೇ ದಿನ ನನ್ನ ಹೆಂಡತಿ ಅಂದಳು: "ರೀ, ಫೋನ್ ಒಳಗಿಡಿ. ಊಟದ ಹೊತ್ತು ಬಿಟ್ಟು ನಡೆದು ನೋಡೋಣ." ಇದರಲ್ಲಿ ಎಷ್ಟು ತಿಳುವಳಿಕೆ ಇದೆ ನೋಡಿ. ಮಧ್ಯಾಹ್ನ ನಾಲ್ಕಕ್ಕೆ ತೆರೆದಿರೋ ಅಡುಗೆಮನೆ ಪ್ರವಾಸಿಗಳ ಹಸಿವಿಗಾಗಿ ತೆರೆದಿರೋದು. ಅಲ್ಲಿಯವರು ಮಧ್ಯಾಹ್ನ ಎರಡೂವರೆ ಒಳಗೆ ಉಂಡು ಮುಗಿಸಿರ್ತಾರೆ, ರಾತ್ರಿ ಎಂಟರ ಮೇಲೇ ಬರೋದು. ಮುಚ್ಚಿದ ಬಾಗಿಲು ಒಳ್ಳೇ ಲಕ್ಷಣ. ವಾರದಲ್ಲಿ ಒಂದು ದಿನ ರಜಾ, ಆಗಸ್ಟಿನಲ್ಲಿ ಊರಿಗೆ ಹೋಗ್ತೀವಿ ಅಂತ ಚೀಟಿ ಅಂಟಿಸೋದು ಇನ್ನೂ ಒಳ್ಳೇ ಲಕ್ಷಣ.

ಹೊರಗೆ ಅಂಟಿಸಿದ ಮೆನು ಓದಿ. ಒಂದೇ ಹಾಳೆ ಇದ್ರೆ ಸರಿ. ಫೋಟೋ, ಆರು ಭಾಷೆ, ಆರು ದೇಶದ ಬಾವುಟ ಇದ್ರೆ ಮುಂದೆ ನಡೀರಿ. ರೋಮ್‌ನಲ್ಲಿ ನಿಂತು 'ಸ್ಪಗೆಟ್ಟಿ ಬೊಲೊನೀಸ್' ಅಂತ ಓದಿದ್ರಂತೂ ಓಡಿ. ಬೊಲೊನ್ಯಾ ಊರಿನವರೇ ಆ ಮಾಂಸದ ಸಾಸನ್ನ ಸ್ಪಗೆಟ್ಟಿಗೆ ಹಾಕಲ್ಲ, ತಲ್ಯಾತೆಲ್ಲೆಗೆ ಹಾಕ್ತಾರೆ. ಹೆಸರಿನ ಪಕ್ಕ ನಕ್ಷತ್ರದ ಗುರುತಿದ್ರೆ ಅದು ಫ್ರೀಜರಿನಿಂದ ಬಂದದ್ದು ಅಂತ ಅರ್ಥ. ಮೆನು ತುಂಬ ನಕ್ಷತ್ರ ಇದ್ರೆ ಅದೂ ಒಂಥರಾ ಸ್ಟಾರ್ ರೇಟಿಂಗೇ, ಈ ಸಲ ನಂಬಬಹುದು. ಗುರುವಾರ ಮಾತ್ರ ನ್ಯೋಕ್ಕಿ, ಅಂದ್ರೆ ಆಲೂಗಡ್ಡೆಯ ಉಂಡೆ, ಅಂತ ಬರೆದಿದ್ರೆ ಒಳಗೆ ಹೋಗಿ. ಅದು ರೋಮ್‌ನ ಹಳೇ ವಾರದ ಲೆಕ್ಕ. ಗುರುವಾರ ಯಾವತ್ತು ಅಂತ ನೆನಪಿಟ್ಟು ಬರೋ ಜನ ಇದಾರೆ ಅನ್ನೋದಕ್ಕೆ ಸಾಕ್ಷಿ.

ಹೀಗೆ ನಡೀತಾ ಟ್ರ್ಯಾಮ್ ಓಡೋ ದೊಡ್ಡ ರಸ್ತೆ ದಾಟಿ ಸಾಂತಾ ಚೆಚೀಲಿಯಾ ಚರ್ಚಿನ ಕಡೆಗೆ ಬಂದ್ವಿ. ಗದ್ದಲ ಅರ್ಧಕ್ಕರ್ಧ ಇಳೀತು. ಅಲ್ಲೊಂದು ಹತ್ತು ಟೇಬಲ್ಲಿನ ಜಾಗ, ಗೋಡೆಗೆ ಹಳದಿ ಬಣ್ಣ, ಬಿಳಿ ಕಾಗದದ ಹಾಸು. ಬಳ್ಳಿ ಇಲ್ಲ. ಹೆಂಡತಿ ಸಸ್ಯಾಹಾರಿ. ಅವಳಿಗೆ ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಬಾಡಿಸಿದ ಚಿಕೋರಿಯಾ ಸೊಪ್ಪು, ಪುದೀನ ಜಾತಿಯ ಸೊಪ್ಪು ತುಂಬಿ ಬೇಯಿಸಿದ ಆರ್ಟಿಚೋಕ್. "ಇದು ನಮ್ಮಮ್ಮ ಮಾಡೋ ಸೊಪ್ಪಿನ ಪಲ್ಯದ ಥರಾನೇ ಇದೆ" ಅಂದಳು. ಕಟ್ಟುನಿಟ್ಟಿನವರಿಗೆ ಒಂದು ಮಾತು: ಪೆಕೊರಿನೋ ರೊಮಾನೋ ಚೀಸಿಗೆ ಹಾಲು ಒಡೆಸೋದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ಪುಂತರೆಲ್ಲೆ ಅನ್ನೋ ಹಸಿ ಸೊಪ್ಪಿನ ಸಾಲಡ್‌ನಲ್ಲಿ ಮೀನಿರುತ್ತೆ. ಬರೀ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಇರೋ ಮರಿನಾರಾ ಪಿಜ್ಜಾಗೆ ಚೀಸೇ ಇಲ್ಲ.

ಮಾರನೇ ದಿನ ಅಲ್ಲಿಗೇ ಹೋದ್ವಿ. ಯಜಮಾನ ಒಂದು ಕ್ಷಣ ಅನುಮಾನದಿಂದ ನೋಡಿದ, ಆಮೇಲೆ ಮುಖ ಅರಳಿತು. ಮೆನು ಕೊಡಲಿಲ್ಲ, ಅವತ್ತು ಏನು ಚೆನ್ನಾಗಿದೆ ಅಂತ ಬಾಯಲ್ಲೇ ಹೇಳಿದ. ಮೂಲೆ ಟೇಬಲ್ಲಲ್ಲಿ ಒಂದು ಅಜ್ಜಿ ಒಬ್ಬರೇ ಕೂತು ಸೂಪ್ ಕುಡೀತಿದ್ರು. ನಮ್ಮ ಕಟ್ಟಡದಲ್ಲಿ ಕೀ ಡಬ್ಬಿ ಇಲ್ಲದ ಮೂರು ಮನೆಗಳಲ್ಲಿ ಒಂದು ಅವರದ್ದು. ಮೆಟ್ಟಿಲ ಮೇಲೆ ನಮ್ಮ ಸೂಟ್‌ಕೇಸ್ ಸದ್ದಿಗೆ ಮುಖ ಸಿಂಡರಿಸಿದ್ದವರು ಇಲ್ಲಿ ತಲೆ ಆಡಿಸಿದ್ರು. ನನಗೆ ಪಾಸ್ತಾ ಗಂಟಲಲ್ಲಿ ಇಳೀಲಿಲ್ಲ. ಆ ಮನೆಯೂ ದಿನದ ಬಾಡಿಗೆಗೆ ಹೋದ ದಿನ ಈ ಟೇಬಲ್ಲಿಗೆ ಯಾರು ಬರ್ತಾರೆ? ಒಂದು ದಿನದ ನಾವು. ಆಮೇಲೆ ಕಾರ್ಬೊನಾರಕ್ಕೆ ಕ್ರೀಮ್ ಸುರಿಯೋಕೆ ಎಷ್ಟು ಹೊತ್ತು?

ಮೂರನೇ ಸಲ ಹೋದಾಗ ಅಡುಗೆಮನೆಯಿಂದ ಬಾಣಸಿಗ ಹೊರಗೆ ಬಂದು ಹಿಂದಿಯಲ್ಲಿ ಮಾತಾಡಿಸಿದ. ಬಾಂಗ್ಲಾದೇಶದವನು, ಹದಿನಾಲ್ಕು ವರ್ಷದಿಂದ ಅದೇ ಒಲೆ ಮುಂದೆ. ಇಟಲಿ ಅಜ್ಜಿಯ ಕೈರುಚಿ ಅಂತ ಕನಸು ಕಾಣೋರಿಗೆ ಬೇಜಾರಾಗಬಹುದು. ನನಗಾಗಲಿಲ್ಲ. ಲೋಕಲ್ ಅನ್ನೋದು ರಕ್ತದ ವಿಷಯ ಅಲ್ಲ. ನಾಳೆಯೂ ಇಲ್ಲೇ ಇರ್ತೀನಿ ಅನ್ನೋನು ಲೋಕಲ್.

"ಇರೋದೇ ನಾಲ್ಕು ದಿನ, ಒಂದೇ ಕಡೆ ಮೂರು ಸಲ ತಿನ್ನೋಕೆ ತಲೆ ಕೆಟ್ಟಿದೆಯಾ?" ಅಂತ ನನ್ನ ಟೀಮಿನ ಹುಡುಗರು ಕೇಳಿದ್ರು. ಅವರ ಹತ್ರ ರೋಮ್‌ನ ಹನ್ನೆರಡು ಜಾಗದ ಎಕ್ಸೆಲ್ ಶೀಟ್ ಇದೆ. ಹನ್ನೆರಡು ಕಡೆಯೂ ಅವರು ಬಸ್ಸಿಂದ ಇಳಿದವರೇ. ಒಂದು ಕಡೆ ಎರಡನೇ ಸಲ ಹೋಗಿ ನೋಡಿ, ಬಡಿಸೋನ ಕೈ ಬದಲಾಗುತ್ತೆ. ಅಪಾರ್ಟ್‌ಮೆಂಟ್ ಬದಲು ಲೈಸೆನ್ಸ್ ಇರೋ ಸಣ್ಣ ಲಾಡ್ಜಲ್ಲಿ ಉಳ್ಕೊಳ್ಳಿ, ಒಂದಿಷ್ಟು ಜಾಸ್ತಿ ಖರ್ಚಾದ್ರೂ ಆಗಲಿ. ಮುಂದಿನ ಸಲ ನಾವಂತೂ ಹಾಗೇ ಮಾಡೋದು.

ಆ ಜಾಗದ ಹೆಸರು ಕೇಳ್ಬೇಡಿ, ಹೇಳಲ್ಲ. ಬಂದ ರಾತ್ರಿ ಅಭ್ಯಾಸಬಲದಿಂದ ರಿವ್ಯೂ ಬರೆಯೋಕೆ ಕೂತಿದ್ದೆ. ಐದು ಸ್ಟಾರ್ ಒತ್ತಿ, ನಾಲ್ಕು ಸಾಲು ಬರೆದೂ ಆಗಿತ್ತು. ನಮ್ಮ ಹೈವೇ ಹೋಟೆಲ್ ನೆನಪಾಯ್ತು. ಅಲ್ಲಿಯೂ ಒಳಗಿನ ಕೋಣೆಯಲ್ಲಿ ಒಬ್ಬರಿಗೆ ಮಾತ್ರ ಬಿಸಿಬಿಸಿ ಊಟ ಸಿಗುತ್ತೆ, ಡ್ರೈವರಿಗೆ. ಅವನು ನಾಳೆಯೂ ಬರ್ತಾನಲ್ಲ. ಬರೆದದ್ದನ್ನ ಅಳಿಸಿ ಮಲಗಿದೆ.