ಮುಳ್ಳು ಸುಳ್ಳು ಹೇಳಬಾರದು

ಹಳೆಯ ದಂಡಿನ ಜೀಪನ್ನು ಕೊಂಡು ತೋಟದ ಕೆಲಸಕ್ಕೆ ಹೊಂದಿಸಿಕೊಳ್ಳುವ ಆಸೆ ನಮ್ಮ ನಡುವಟ್ಟದ ಕಡೆಯ ರೈತರಿಗೆ ಇಂದಿಗೂ ಹೋಗಿಲ್ಲ. ಕೊಳ್ಳುವಾಗ ಎಂಜಿನ್ ನೋಡುತ್ತೇವೆ, ಗೇರು ನೋಡುತ್ತೇವೆ, ಟಯರು ಒದ್ದು ನೋಡುತ್ತೇವೆ. ಮೀಟರುಗಳನ್ನು ಮಾತ್ರ “ಯಾವುದಾದರೊಂದು ಹಾಕಪ್ಪ” ಎಂದು ಮೆಕ್ಯಾನಿಕ್ಕಿಗೆ ಬಿಟ್ಟುಬಿಡುತ್ತೇವೆ. ಇದು ತಪ್ಪೆಂದು ನನ್ನ ಅಭಿಪ್ರಾಯ.

ಪೆಟ್ರೋಲು ಮೀಟರು ಒಂಟಿ ವಸ್ತುವಲ್ಲ, ಜೋಡಿ. ಎದುರಿಗೆ ಕಾಣುವ ಮುಳ್ಳು ಒಂದು. ಟ್ಯಾಂಕಿನೊಳಗೆ ತೇಲುವ ಬುರುಡೆಯುಳ್ಳ ಟ್ಯಾಂಕ್ ಯೂನಿಟ್ ಇನ್ನೊಂದು. ಪೆಟ್ರೋಲು ಏರಿಳಿದಂತೆ ಯೂನಿಟ್ಟು ವಿದ್ಯುತ್ತಿಗೆ ಒಡ್ಡುವ ತಡೆ ಬದಲಾಗುತ್ತದೆ. ಅದಕ್ಕೆ ತಕ್ಕಂತೆ ಮುಳ್ಳು ಆಡುತ್ತದೆ. ಈ ತಡೆಯನ್ನು ಓಮ್ ಲೆಕ್ಕದಲ್ಲಿ ಅಳೆಯುತ್ತಾರೆ.

24 ವೋಲ್ಟಿನ ಅಮೆರಿಕನ್ ಸೇನಾ ಜೀಪಿನಲ್ಲಿ ಟ್ಯಾಂಕು ಬರಿದಾದಾಗ ಸುಮಾರು 0 ಓಮ್, ತುಂಬಿದಾಗ 30. ಅದೇ ದೇಶದ ಹಲವು ನಾಗರಿಕ ಜೀಪುಗಳಲ್ಲಿ ಬರಿದಾದಾಗ 73, ತುಂಬಿದಾಗ 10. ಸೇನೆಯ ಯೂನಿಟ್ಟಿಗೆ ಈ ನಾಗರಿಕ ಮೀಟರು ಜೋಡಿಸಿದರೆ ಏನಾದೀತು? ಬರಿದಾದ ಟ್ಯಾಂಕನ್ನು ಮುಳ್ಳು ‘ತುಂಬಿದೆ’ ಎನ್ನುತ್ತದೆ! ಅದನ್ನು ನಂಬಿ ಹೊರಟವನ ಗಾಡಿ ದಾರಿಯಲ್ಲಿ ನಿಂತರೆ, ಚೀಲದಲ್ಲಿ ಅದುಮಿದ ಹಸಿ ಚಹಾ ಎಲೆ ಬಿಸಿಯೇರಿ ಕೆಂಪಾಗುತ್ತದೆ. ಅಂಥ ಎಲೆಗೆ ಬೆಲೆ ಕೊಡುವವರಾರು?

ಶಾಖದ ಮೀಟರಿನದು ಇನ್ನೂ ಗಂಡಾಂತರ. ಗೂಡಲೂರಿನಿಂದ ನಡುವಟ್ಟಕ್ಕೆ ಹೊರೆ ಹೊತ್ತು ಹತ್ತುವಾಗ ಎಂಜಿನ್ ಕಾಯುವುದು ಸಹಜ. 2,000 ಮೀಟರ್ ಎತ್ತರದಲ್ಲಿ ತೆರೆದ ನೀರು 100 ಡಿಗ್ರಿಗಲ್ಲ, ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಬಿಗಿಯಿಲ್ಲದಿದ್ದರೆ ಕುದಿ ಬೇಗ ಬರುತ್ತದೆ. ಜೋಡಿ ತಪ್ಪಿದ ಮುಳ್ಳು ಆಗಲೂ ನಡುವೆ ಮಲಗಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟಮೇಲೆಯೇ ನಮಗೆ ತಿಳಿಯುವುದು.

ಹಾಗಾದರೆ ಮಾಡಬೇಕಾದ್ದೇನು? 24 ವೋಲ್ಟನ್ನು 12ಕ್ಕೆ ಇಳಿಸಿದಾಗ ಮೀಟರನ್ನೂ 12 ವೋಲ್ಟಿನದಕ್ಕೆ ಬದಲಿಸಿ. ಮೀಟರು, ಯೂನಿಟ್ಟು ಎರಡನ್ನೂ ಒಂದೇ ಜೋಡಿಯಾಗಿ ಕೊಳ್ಳುವುದು ಉತ್ತಮ. ಹಳೆಯ ಯೂನಿಟ್ಟನ್ನೇ ಉಳಿಸುವುದಾದರೆ ತಂತಿ ಬಿಚ್ಚಿ, ಬುರುಡೆ ಕೆಳಗಿರುವಾಗ ಎಷ್ಟು, ಮೇಲಿರುವಾಗ ಎಷ್ಟು ಎಂದು ಮಲ್ಟಿಮೀಟರಿನಿಂದ ಅಳೆಸಿ, ಆ ಅಂಕಿಗೆ ಒಪ್ಪುವ ಮೀಟರನ್ನೇ ತನ್ನಿ. ನೋಟಕ್ಕೆ ಒಂದೇ ತರಹ ಇದ್ದುದೆಲ್ಲ ಒಂದೇ ಅಲ್ಲ. ಟ್ಯಾಂಕಿನ ಅರ್ತ್ ತಂತಿ ತುಕ್ಕು ಹಿಡಿದಿದ್ದರೆ ಸರಿಯಾದ ಜೋಡಿಯೂ ತಪ್ಪು ತೋರಿಸುತ್ತದೆ. ಅದನ್ನು ಉಜ್ಜಿ ಬಿಗಿ ಮಾಡಿಸಿ. ಕೊನೆಗೆ ಬರಿದು ಟ್ಯಾಂಕಿಗೆ ಐದೈದು ಲೀಟರಿನಂತೆ ಸುರಿದು, ಮುಳ್ಳು ಎಲ್ಲೆಲ್ಲಿ ನಿಲ್ಲುತ್ತದೆಂದು ಬರೆದಿಟ್ಟುಕೊಳ್ಳಿ. ಹತ್ತಿರ ಬೀಡಿ, ಬೆಂಕಿ ಬೇಡ.

ಇಷ್ಟಕ್ಕೆ ಅರ್ಧ ದಿನ ಸಾಕು. ಕೊಳಗ ಸರಿಯಿದೆಯೇ ಎಂದು ನೋಡದೆ ನಮ್ಮ ಹಿರಿಯರು ರಾಗಿ ಅಳೆಸಿಕೊಳ್ಳುತ್ತಿರಲಿಲ್ಲ. ಜೀವವನ್ನೂ ಬೆಳೆಯನ್ನೂ ಹೊತ್ತು ಘಾಟಿ ಇಳಿಯುವ ಗಾಡಿಯ ಅಳತೆಯನ್ನು ನಾವು ನೋಡಬೇಡವೆ?