ವೆಜ್ ಆದ್ರೆ ಎಲ್ಲರಿಗೂ ಆಗುತ್ತೆ ಅನ್ನೋರಿಗೆ



ಕಳೆದ ಭಾನುವಾರ ನಮ್ಮ ಆಫೀಸಿನವರೆಲ್ಲ ಸೇರಿ ಮೈಸೂರಿಗೆ ಹೋಗಿದ್ವಿ. ಹೆಂಡ್ತಿ ಮಕ್ಕಳೂ ಸೇರಿ 22 ಜನ, ಒಂದು ಮಿನಿ ಬಸ್ಸು, ದೊಡ್ಡವರಿಗೆ ತಲೆಗೆ 1,200 ರೂಪಾಯಿ. ಬೆಳಗ್ಗೆ ಚಾಮುಂಡಿ ಬೆಟ್ಟ, ಮಧ್ಯಾಹ್ನ ಝೂ, ಸಂಜೆ ಅರಮನೆಯ ದೀಪ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೇ ಹತ್ತಿಕೊಂಡಾಗ ನನ್ನ ಮಗಳು ಬಾಯಿ ತೆರೆದುಕೊಂಡು ನಿಂತಿದ್ಲು. ನಾನೂ ನಿಂತಿದ್ದೆ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಬಸ್ಸು ಹತ್ತಿ ಕೂತಾಗ "ರಾತ್ರಿ ಊಟ ಎಲ್ಲಿ?" ಅನ್ನೋ ಪ್ರಶ್ನೆ ಬಂತು. ಈ ಪೋಸ್ಟ್ ಅದರ ಬಗ್ಗೆ. ಒಂದು ಊಟದ ಬಗ್ಗೆ ಇಷ್ಟುದ್ದ ಬರೀಬೇಕಾ ಅನ್ನೋರು ಇಲ್ಲೇ ಇಳ್ಕೊಳ್ಳಬಹುದು.

"ಯಾವುದಾದ್ರೂ ಪ್ಯೂರ್ ವೆಜ್‌ಗೆ ಹೋಗೋಣ. ವೆಜ್ ಆದ್ರೆ ಎಲ್ಲರಿಗೂ ಆಗುತ್ತೆ" ಅಂದ್ರು ನಮ್ಮ ಮೇಡಂ. ಕೆಟ್ಟವರಲ್ಲ. ನಮ್ಮವ್ವ ಆಸ್ಪತ್ರೆಯಲ್ಲಿದ್ದಾಗ ಒಂದು ಮಾತೂ ಕೇಳದೆ ನನ್ನ ರಜೆ ಅರ್ಜಿಗೆ ಸಹಿ ಹಾಕಿದವರು. ಅಷ್ಟೇ ಸಹಜವಾಗಿ ಈ ಮಾತನ್ನೂ ಹೇಳಿದ್ರು. ಅದಕ್ಕೇ ಇದು ನನ್ನನ್ನ ಇಷ್ಟು ಕಾಡ್ತಿರೋದು.

ಗುಮಾಸ್ತ ನಾನು, ಲೆಕ್ಕ ಹಾಕೋದು ಅಭ್ಯಾಸ. ಆ ಬಸ್ಸಲ್ಲಿ ಮಾಂಸ ತಿನ್ನದವರು 5 ಜನ. ತಿನ್ನೋರು 17. ಐದು ಜನರಿಗೆ ಹದಿನೇಳು ಜನ ಹೊಂದಿಕೊಂಡ್ರೆ ಅದಕ್ಕೆ "ಎಲ್ಲರಿಗೂ ಆಗುತ್ತೆ" ಅಂತಾರೆ. ಇಡೀ ರಾಜ್ಯದ ಲೆಕ್ಕವೂ ಹೆಚ್ಚುಕಮ್ಮಿ ಇದೇ. ಕೇಂದ್ರ ಸರ್ಕಾರದ್ದೇ 2014ರ ಮಾದರಿ ನೋಂದಣಿ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 79 ಮಂದಿ ಮಾಂಸಾಹಾರಿಗಳು. ಆದ್ರೂ ಹೋಟ್ಲು ಬೋರ್ಡಿನ ಮೇಲೆ "ನಾನ್" ಅಂತ ಬರೆಸಿಕೊಳ್ಳೋರು ನಾವೇ. ನೂರರಲ್ಲಿ 79 ಇದ್ದರೂ ನಮ್ಮ ಊಟಕ್ಕೆ ಅದರದ್ದೇ ಒಂದು ಹೆಸರಿಲ್ಲ, ಇನ್ನೊಬ್ಬರ ಊಟ ಅಲ್ಲದ್ದು ಅನ್ನೋದೇ ಅದರ ಹೆಸರು.

ನಾನು ಮಾಂಸದ ಹೋಟ್ಲಿಗೇ ಹೋಗಬೇಕು ಅನ್ನಲಿಲ್ಲ. "ಎರಡೂ ಸಿಗೋ ಕಡೆ ಹೋಗೋಣ ಮೇಡಂ, ಅವರವರಿಗೆ ಬೇಕಾದ್ದು ಅವರವರು ತಗೊಳ್ಳಲಿ" ಅಂದೆ. ಅದಕ್ಕೆ ಮುಂದಿನ ಸೀಟಿಂದ ಉತ್ತರ ಬಂತು: "ಅಲ್ಲೆಲ್ಲ ಅಡುಗೆಮನೆ ಒಂದೇ ಇರುತ್ತೆ, ಸೌಟೂ ಒಂದೇ ಇರುತ್ತೆ ಸರ್." ಅದರ ಹಿಂದೆಯೇ ಇನ್ನೊಂದು, ನಗುತ್ತಾ: "ನಿಮಗೇನು ಸರ್, ನೀವು ಎಲ್ಲಾದ್ರೂ ತಿಂತೀರಿ."

ನಿಮಗೇನು! ಈ ಒಂದು ಪದವನ್ನ ನಾನು ಒಂದನೇ ಕ್ಲಾಸಿಂದ ಕೇಳ್ತಾ ಬಂದಿದೀನಿ. ನಿಮಗೇನು ಸ್ಕಾಲರ್‌ಶಿಪ್ ಬರುತ್ತೆ, ನಿಮಗೇನು ಸೀಟು ಸಿಗುತ್ತೆ, ನಿಮಗೇನು ಪ್ರಮೋಷನ್ ಆಗುತ್ತೆ. ಈಗ ನಿಮಗೇನು ಎಲ್ಲಾದ್ರೂ ತಿಂತೀರಿ. ಎಲ್ಲಾದ್ರೂ ತಿನ್ನೋನಿಗೆ ಇಷ್ಟ ಅಂತ ಒಂದು ಇರಲ್ಲ, ಅವನ ನಾಲಿಗೆಗೆ ರುಚಿ ಗೊತ್ತಿಲ್ಲ, ಹೊಟ್ಟೆ ತುಂಬಿದ್ರೆ ಸಾಕು ಅಂತ ತಾನೇ ಇದರ ಅರ್ಥ?

ಅರಮನೆ ನೋಡಿ ಬಂದು ಸೌಟಿನ ಜಾತಿ ಕೇಳಿಸಿಕೊಳ್ತಾ ಕೂತಾಗ ನನಗೆ ಬಾಬಾಸಾಹೇಬರ ದೌಲತಾಬಾದ್ ನೆನಪಾಯ್ತು. 1934ರಲ್ಲಿ ಅವರು ಸುಮಾರು 30 ಜನ ಸಂಗಾತಿಗಳ ಜೊತೆ ವೆರೂಳದ ಗುಹೆಗಳನ್ನ ನೋಡೋಕೆ ಹೊರಟಿದ್ರು. ದಾರಿಯಲ್ಲಿ ದೌಲತಾಬಾದ್ ಕೋಟೆ. ಧೂಳಾಗಿತ್ತು ಅಂತ ಕೋಟೆ ಬಾಗಿಲ ಹತ್ತಿರದ ಕೊಳದಲ್ಲಿ ಕೈಕಾಲು ಮುಖ ತೊಳ್ಕೊಂಡ್ರು. ಕೊಳ ಮೈಲಿಗೆ ಮಾಡಿದ್ರು ಅಂತ ಒಬ್ಬ ಮುದುಕ ಕೂಗಾಡಿದ, ಜನ ಸೇರಿತು. ತಕರಾರು ತೆಗೆದವರು ಅಲ್ಲಿನ ಮುಸ್ಲಿಮರು ಅನ್ನೋದನ್ನೂ ಮುಚ್ಚಿಡಬೇಕಿಲ್ಲ, ಬಾಬಾಸಾಹೇಬರೇ ಮುಚ್ಚಿಟ್ಟಿಲ್ಲ. ಕೊನೆಗೆ ಕೋಟೆ ನೋಡೋಕೆ ಬಿಟ್ರು. ಆದ್ರೆ ಒಳಗೆ ಎಲ್ಲೂ ನೀರು ಮುಟ್ಟಬಾರದು, ಅದನ್ನ ಕಾಯೋಕೆ ಜೊತೆಗೊಬ್ಬ ಶಸ್ತ್ರಧಾರಿ ಸಿಪಾಯಿ. ವಿದೇಶದಲ್ಲಿ ಓದಿ ಬಂದ ಬ್ಯಾರಿಸ್ಟರಿಗೆ ಈ ಗತಿ. "ವೇಟಿಂಗ್ ಫಾರ್ ಎ ವೀಸಾ" ಓದದವರು ದಯವಿಟ್ಟು ಓದಿ, ತೀರಾ ಸಣ್ಣ ಪುಸ್ತಕ.

ಈಗ ಆ ಸಿಪಾಯಿ ಇಲ್ಲ. ಟಿಕೆಟ್ ತಗೊಂಡ್ರೆ ಅರಮನೆ ಒಳಗೆ ಯಾರೂ ಜಾತಿ ಕೇಳಲ್ಲ. ಕಂಬ ಮುಟ್ಟಬಹುದು, ಸೆಲ್ಫಿ ತಗೋಬಹುದು. ಊಟದ ಹೊತ್ತಿಗೆ ಮಾತ್ರ ಸೌಟು ಕಾವಲಿಗೆ ನಿಲ್ಲುತ್ತೆ.

"ಊಟದಲ್ಲೂ ಜಾತಿ ಹುಡುಕ್ತೀರಲ್ಲ" ಅಂತ ಕಮೆಂಟ್ ಬರುತ್ತೆ, ಗೊತ್ತು. ಹುಡುಕಿದ್ದು ನಾನಲ್ಲ ಸ್ವಾಮಿ. ಸಂವಿಧಾನದ 15ನೇ ವಿಧಿಯ 2ನೇ ಉಪವಿಧಿ ತೆಗೆದು ನೋಡಿ. ಅಂಗಡಿ, ಹೋಟ್ಲು, ಸಾರ್ವಜನಿಕ ಉಪಾಹಾರ ಗೃಹ, ಬಾವಿ, ಕೆರೆ ಅಂತ ಒಂದೊಂದನ್ನೂ ಹೆಸರಿಟ್ಟು ಬರೆದಿದ್ದಾರೆ. ಹೋಟ್ಲಲ್ಲಿ ಜಾತಿ ಇಲ್ಲದಿದ್ರೆ ಹೋಟ್ಲಿನ ಹೆಸರನ್ನ ಸಂವಿಧಾನದಲ್ಲಿ ಬರೆಯೋ ದರ್ದು ಏನಿತ್ತು? ಇನ್ನು ಬೋರ್ಡುಗಳನ್ನ ನೋಡ್ತಾ ಹೋಗಿ. ಅಯ್ಯಂಗಾರ್ ಬೇಕರಿ, ಬ್ರಾಹ್ಮಣರ ಕಾಫಿ ಬಾರ್, ಲಿಂಗಾಯತ ಖಾನಾವಳಿ, ಗೌಡರ ಮುದ್ದೆ ಹೋಟೆಲ್. ಎಲ್ಲ ಜಾತಿಗೂ ಬೋರ್ಡಿದೆ, ಆ ಬೋರ್ಡು ನೋಡಿ ಗಿರಾಕಿ ಬರ್ತಾನೆ. "ಮಾದಿಗರ ಖಾನಾವಳಿ", "ಹೊಲೆಯರ ಹೋಟೆಲ್" ಅಂತ ಬೋರ್ಡು ಹಾಕಿ ಮೈಸೂರಿನ ಮುಖ್ಯರಸ್ತೆಯಲ್ಲಿ ಒಂದು ವಾರ ವ್ಯಾಪಾರ ಮಾಡಿ ತೋರಿಸಿ ನೋಡೋಣ. ನಮ್ಮವನು ಹೋಟ್ಲು ಇಟ್ರೆ ದೇವರ ಹೆಸರಿಡ್ತಾನೆ, ಪಾಪ. ಹೊಟ್ಟೆಪಾಡು.

ನನಗೆ ಮೇಡಂಗಿಂತ ಹೆಚ್ಚು ಸಿಟ್ಟು ಬಂದಿದ್ದು ಹಿಂದಿನ ಸೀಟಿನವರ ಮೇಲೆ. ನನ್ನ ಪಕ್ಕ ಕೂತಿದ್ದ ಗೌಡರು ಕಿವಿಯಲ್ಲಿ ಹೇಳಿದ್ರು, "ಮೈಸೂರಿಗೆ ಬಂದು ಹನುಮಂತು ಹೋಟ್ಲು ಪಲಾವ್ ತಿನ್ನದೆ ಹೋಗೋದಾ ಮಾರಾಯ." ಅದನ್ನ ಜೋರಾಗಿ ಹೇಳಿ ಅಂದೆ. ಕಿಟಕಿ ಕಡೆ ತಿರುಗಿಕೊಂಡ್ರು. ಊರಲ್ಲಿ ಮಾರಿಹಬ್ಬಕ್ಕೆ ಮರಿ ಕಡಿದು ನೂರು ಜನಕ್ಕೆ ಬಾಡೂಟ ಹಾಕೋ ಮನುಷ್ಯ, ಬಸ್ಸಲ್ಲಿ ಬಾಯಿ ಬಿಡಲಿಲ್ಲ. ಬಾಡು ತಿನ್ನೋ ಜಾತಿಗಳೆಲ್ಲ ಹೀಗೆ ಕಿವಿಯಲ್ಲಿ ಮಾತಾಡೋದ್ರಿಂದಲೇ 2024ರ ಡಿಸೆಂಬರ್‌ನಲ್ಲಿ, ಅದೂ ಮಂಡ್ಯದಲ್ಲಿ, ಸಾಹಿತ್ಯ ಸಮ್ಮೇಳನದ ನಿಷೇಧದ ಪಟ್ಟಿಯಲ್ಲಿ ಮದ್ಯ, ತಂಬಾಕಿನ ಪಕ್ಕ ಮಾಂಸಾಹಾರವನ್ನೂ ಬರೆಯೋ ಧೈರ್ಯ ಬಂದಿದ್ದು. ಅಲ್ಲಿ ಕೆಲವರಾದ್ರೂ ಎದ್ದು ನಿಂತು ಕೇಳಿದ್ರು, ಅವರಿಗೆ ಶರಣು.

ಕೋಳಿ ಕುರಿಗೇ ಈ ಪಾಡು. ಇನ್ನು ನಮ್ಮಜ್ಜಿ ಬಿಸಿಲಿಗೆ ದಾರ ಕಟ್ಟಿ ಒಣಗಿಸ್ತಿದ್ದ ಬಾಡಿನ ಮಾತೆತ್ತೋ ಹಾಗೇ ಇಲ್ಲ. 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆಯಲ್ಲಿ 3ರಿಂದ 7 ವರ್ಷ ಜೈಲಿದೆ. 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಕಾನೂನಲ್ಲಿ ವಿನಾಯಿತಿ ಇದೆ, ಜನರ ಕಣ್ಣಲ್ಲಿ ಇಲ್ಲ. ನಮ್ಮವರೇ ಆಫೀಸಲ್ಲಿ ಡಬ್ಬಿ ಮುಚ್ಚಳ ಅರ್ಧ ಮುಚ್ಕೊಂಡು ತಿಂತಾರೆ. ನಾನೂ ವರ್ಷಗಟ್ಟಲೆ ಹಾಗೇ ತಿಂದಿದೀನಿ. ಹೆಂಡ್ತಿಗೆ ಬೆಳಗ್ಗೆ "ಇವತ್ತು ಪಲ್ಯ ಹಾಕು, ಆಡಿಟ್‌ನವರು ಬರ್ತಾರೆ" ಅಂತ ಹೇಳಿದ್ದೂ ಇದೆ. ಭಾಷಣದಲ್ಲಿ ಆಹಾರದ ಹಕ್ಕು, ಡಬ್ಬಿಯಲ್ಲಿ ಬೀನ್ಸ್ ಪಲ್ಯ.

ತಪ್ಪು ತಿಳ್ಕೋಬೇಡಿ. ಮಾಂಸ ತಿನ್ನದವರು ತಿನ್ನದೇ ಇರೋದು ಅವರ ಹಕ್ಕು, ಅದಕ್ಕೆ ನಾನು ಕೈ ಮುಗೀತೀನಿ. ಮಸಾಲೆ ದೋಸೆ ನನಗೆ ಪ್ರಾಣ. ನನ್ನ ತಕರಾರು ಇಷ್ಟೇ: ನಿಮ್ಮ ಎಲೆ ನಿಮ್ಮ ಹಕ್ಕು, ಸರಿ. ಪಕ್ಕದ ಎಲೆಯಲ್ಲಿ ಏನಿರಬೇಕು ಅನ್ನೋದೂ ನಿಮ್ಮ ಹಕ್ಕು ಅಂತ ಯಾರು ಹೇಳಿದ್ದು?

ಕೊನೆಗೆ ಹೋಗಿದ್ದು ಒಂದು ಪ್ಯೂರ್ ವೆಜ್ ಹೋಟ್ಲಿಗೇ. ಹೆಸರು ಬೇಡ. ಮಗಳಿಗೆ ಹಸಿವಾಗಿತ್ತು, ನಾನು ಸುಮ್ಮನಾದೆ. ಊಟ ಚೆನ್ನಾಗೇ ಇತ್ತು ಅಂತಲೂ ಹೇಳ್ಬೇಕು. ಅರ್ಧ ಊಟ ಆದ ಮೇಲೆ ನೋಡಿದ್ರೆ ನಮ್ಮ ಡ್ರೈವರ್ ಇಲ್ಲ. ಬೆಳಗ್ಗೆ ಐದಕ್ಕೆ ಎದ್ದು ಬಂದ ಹುಡುಗ. ಕೇಳಿದ್ರೆ, ಡ್ರೈವರ್‌ಗಳಿಗೆ ಹಿಂದ್ಗಡೆ ಬೇರೆ ಜಾಗ ಇದೆ ಅಂದ ಸಪ್ಲೈಯರ್. ಹೋಗಿ ನೋಡಿದೆ. ಪಾತ್ರೆ ತೊಳೆಯೋ ಜಾಗದ ಪಕ್ಕ ಒಂದು ಕಲ್ಲು ಬೆಂಚು, ಸ್ಟೀಲ್ ತಟ್ಟೆ. ಒಳಗೆ ನಮಗೆ ಬಾಳೆ ಎಲೆ. ಆ ಹುಡುಗನ ಜಾತಿ ಯಾವುದೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. "ಬಾರಪ್ಪ ಒಳಗೆ" ಅಂದೆ. "ಬೇಡ ಸಾರ್, ಇಲ್ಲೇ ಆರಾಮ" ಅಂದ. ನಮ್ಮಪ್ಪ ಕೂಡ ಹೋಟ್ಲು ಹೊರಗೆ ನಿಂತು ಟೀ ಕುಡಿಯುವಾಗ ಇದೇ ಮಾತು ಹೇಳ್ತಿದ್ದ. ಎಲ್ಲರಿಗೂ ಆಗುತ್ತೆ ಅಂದ್ರಲ್ಲ, ಆ ಎಲ್ಲರಲ್ಲಿ ಇವನು ಇರಲೇ ಇಲ್ಲ. 22 ಅಂತ ಲೆಕ್ಕ ಹಾಕಿದ ನಾನೂ ಅವನನ್ನ ಬಿಟ್ಟೇ ಎಣಿಸಿದ್ದೆ.

ಮುಂದಿನ ಟೂರು ವಿಜಯಪುರಕ್ಕೆ, ಗೋಲಗುಮ್ಮಟ ನೋಡೋಕೆ. ಗ್ರೂಪಲ್ಲಿ ನಿನ್ನೆ ಪಟ್ಟಿ ಬಂತು. ಕೊನೇ ಸಾಲು, "ರಾತ್ರಿ ಊಟ: ಪ್ಯೂರ್ ವೆಜ್". ಅದರ ಕೆಳಗೆ ನಾನು ಹೀಗೆ ಬರೆದಿದೀನಿ: "ಎರಡೂ ಸಿಗುವ ಹೋಟೆಲ್ ಆಗಬೇಕು. ಡ್ರೈವರ್ ನಮ್ಮ ಜೊತೆಗೇ ಊಟಕ್ಕೆ ಕೂರಬೇಕು. ಆಗಲ್ಲ ಅಂದ್ರೆ ನನ್ನ ದುಡ್ಡು ವಾಪಸ್ ಕೊಡಿ."

ಇಲ್ಲಿಯವರೆಗೆ ನಾಲ್ಕು ಹೆಬ್ಬೆಟ್ಟು ಬಂದಿವೆ. ಒಂದು ಗೌಡರದ್ದು. ಮೇಡಂ ಓದಿದ್ದಾರೆ, ಇನ್ನೂ ಉತ್ತರ ಬಂದಿಲ್ಲ.