4 ಗಂಟೆ, ಒಂದೇ ಪ್ರಶ್ನೆ

‘ಸರ್ಕಾರ ನಮಗೆ ಏನಾದರೂ ಋಣಿಯಾಗಿದೆಯೇ?’

ಇದು ಟಿವಿ ಡಿಬೇಟ್ ಅಲ್ಲ. 2024ರ ಜೂನ್‌ನಲ್ಲಿ ಫ್ರಾನ್ಸಿನ 17-18 ವರ್ಷದ ಮಕ್ಕಳಿಗೆ ಬಂದ ಪರೀಕ್ಷೆಯ ಪ್ರಶ್ನೆ. ಅಲ್ಲಿ ನಮ್ಮ ಸೆಕೆಂಡ್ ಪಿಯುಸಿಗೆ ಸಮನಾದ ವರ್ಷದಲ್ಲಿ ವೃತ್ತಿಪರ ವಿಭಾಗದವರನ್ನ ಬಿಟ್ಟು ಉಳಿದವರೆಲ್ಲರೂ ಫಿಲಾಸಫಿ ಓದಲೇಬೇಕು. ಸಾಮಾನ್ಯ ವಿಭಾಗದಲ್ಲಿ ವಾರಕ್ಕೆ 4 ಗಂಟೆ ಪಾಠ. ಮುಂದೆ ಎಂಜಿನಿಯರ್ ಆಗೋ ಹುಡುಗಿಗೂ ರಿಯಾಯಿತಿ ಇಲ್ಲ.

ಪರೀಕ್ಷೆ 4 ಗಂಟೆ. 2 ಪ್ರಬಂಧದ ಪ್ರಶ್ನೆ, ಜೊತೆಗೆ ಒಬ್ಬ ದಾರ್ಶನಿಕನ ಬರಹದ ಒಂದು ತುಣುಕು. ಮೂರರಲ್ಲಿ ಒಂದನ್ನ ಮಾತ್ರ ಆರಿಸಿ ಬರೀಬೇಕು. ‘ಹೌದು’ ಅಥವಾ ‘ಇಲ್ಲ’ ಅಂದ್ರೆ ಮುಗೀಲಿಲ್ಲ. ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ವಾದವನ್ನೂ ತಾನೇ, ಅದೂ ಪ್ರಾಮಾಣಿಕವಾಗಿ, ಕಟ್ಟಿ ನಿಲ್ಲಿಸಬೇಕು. ಆಫೀಸ್ ಮೀಟಿಂಗ್‌ನಲ್ಲಿ ಇದನ್ನ ಮಾಡೋ ಎಷ್ಟು ಜನರನ್ನ ನೀವು ನೋಡಿದ್ದೀರಿ?

ಪಠ್ಯಕ್ರಮ ಇರೋದು ಪುಸ್ತಕಗಳ ಸುತ್ತ ಅಲ್ಲ, 17 ಪರಿಕಲ್ಪನೆಗಳ ಸುತ್ತ. ಸ್ವಾತಂತ್ರ್ಯ, ಕೆಲಸ, ಸಮಯ, ಸತ್ಯ, ಧರ್ಮ, ಸಂತೋಷ ಹೀಗೆ. ಓದಬಹುದಾದ ಲೇಖಕರ ಪಟ್ಟಿಯಲ್ಲಿ ಪ್ಲೇಟೊ, ಕಾಂಟ್ ಜೊತೆ ನಮ್ಮ ನಾಗಾರ್ಜುನನೂ ಇದ್ದಾನೆ! ಶೂನ್ಯತೆಯ ಬಗ್ಗೆ ಬರೆದ ಆ ಬೌದ್ಧ ಚಿಂತಕನ ಹೆಸರನ್ನ ನಮ್ಮ ಹೈಸ್ಕೂಲಲ್ಲಿ ಕೇಳಿದ ನೆನಪು ನಿಮಗಿದ್ರೆ ಅದೃಷ್ಟವಂತರು.

ಹಾಗಂತ ಅಲ್ಲಿ ಎಲ್ಲಾ ಚಿನ್ನ ಅಲ್ಲ. ಪರವಾದ, ಪ್ರತಿವಾದ, ಸಮನ್ವಯ ಅನ್ನೋ ರೆಡಿಮೇಡ್ ಅಚ್ಚು ಮಾರೋ ಗೈಡ್‌ಗಳು ಅಲ್ಲೂ ಇವೆ. ಬಾಯಿಪಾಠ ಮಾಡಿದ ಕೋಟ್‌ಗಳನ್ನ ಅಲ್ಲಲ್ಲಿ ಉದುರಿಸೋರೂ ಇದ್ದಾರೆ. ಇನ್ನೊಂದು ತಮಾಷೆ: ಕಾಲೇಜು ಸೀಟಿನ ಉತ್ತರ ಬರೋಕೆ ಶುರುವಾಗೋದು ಈ ಪರೀಕ್ಷೆಗೂ ಮೊದಲೇ. ಹಾಗಾಗಿ ಸೀಟು ಸಿಕ್ಕ ಎಷ್ಟೋ ಮಕ್ಕಳಿಗೆ ಇಲ್ಲಿನ ಅಂಕದ ಭಯ ಅಷ್ಟಿಲ್ಲ. ನನಗೇನೋ ಅದೇ ಇದರ ಚೆಂದ ಅನ್ಸುತ್ತೆ. ಸೀಟಿಗಾಗಿ ಅಲ್ಲದೆ 4 ಗಂಟೆ ಕೂತು ಯೋಚಿಸೋ ಅವಕಾಶ ಆ ವಯಸ್ಸಲ್ಲಿ ಬೇರೆಲ್ಲಿ ಸಿಗುತ್ತೆ?

ನಮ್ಮಲ್ಲೂ ಪಿಯುಸಿ ಕಲಾ ವಿಭಾಗದಲ್ಲಿ ತರ್ಕಶಾಸ್ತ್ರ ಅಂತ ಒಂದು ವಿಷಯ ಇದೆ. ಆದ್ರೆ ಸೈನ್ಸ್ ತಗೊಂಡು ಸಿಇಟಿ, ನೀಟ್ ಅಂತ ಓಡೋರಿಗೆ ಅದರ ಮುಖಪರಿಚಯವೂ ಆಗಲ್ಲ. ‘ಎದುರು ಮಾತಾಡ್ಬೇಡ’ ಅನ್ನೋದೇ ಮನೆಯ ಸಿಲಬಸ್ ಆಗಿರುವಾಗ ಶಾಲೆಯನ್ನಷ್ಟೇ ದೂರಿ ಪ್ರಯೋಜನವೂ ಇಲ್ಲ ಬಿಡಿ.

ಈ ಭಾನುವಾರ ಊಟಕ್ಕೆ ಕೂತಾಗ ಮನೆಯಲ್ಲಿರೋ ತಮ್ಮನಿಗೋ ತಂಗಿಗೋ 2023ರ ಪ್ರಶ್ನೆಯೊಂದನ್ನ ಕೇಳಿ ನೋಡಿ: ‘ಸಂತೋಷ ಅನ್ನೋದು ವಿವೇಕಕ್ಕೆ ಬಿಟ್ಟ ವಿಷಯವೇ?’ ಅವರು ಉತ್ತರ ಹೇಳೋವಾಗ ಮಧ್ಯೆ ಬಾಯಿ ಹಾಕ್ಬೇಡಿ, ಅಷ್ಟೇ.